ಕ್ರೋಮ್ ಅಪ್‌ಡೇಟ್ ಆಗಿದೆ ಅಂದ್ಕೊಂಡಿದ್ದೀರಾ? ಒಮ್ಮೆ ಇದನ್ನು ನೋಡಿ
ರಾಯಚೂರು, ಸಿಂಧನೂರು ಕಡೆ ಝೆರಾಕ್ಸ್ ಅಂಗಡಿ, ನೆಟ್ ಸೆಂಟರ್ ನಡೆಸುವವರಿಗೆ ಇದು ಜಾಸ್ತಿ ಉಪಯೋಗ: ಕ್ರೋಮ್‌ನಲ್ಲಿ ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, ಹೆಲ್ಪ್, ಅದರೊಳಗೆ ಅಬೌಟ್ ಗೂಗಲ್ ಕ್ರೋಮ್‌ಗೆ ಹೋಗಿ, ಅಲ್ಲಿ ರೀಲಾಂಚ್ ಅಂತ ಬಟನ್ ಕಂಡರೆ ಒತ್ತಿಬಿಡಿ. ಅಪ್‌ಡೇಟ್ ಸಾಮಾನ್ಯವಾಗಿ ತಾನಾಗಿಯೇ ಇಳಿದಿರುತ್ತದೆ, ಆದರೆ ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ಶುರುವಾಗುವ ತನಕ ಓಡುವುದು ಹಳೇ ವರ್ಷನ್ನೇ, ಅದರ ಬಗ್‌ಗಳೂ (ದೋಷಗಳೂ) ಹಾಗೇ ಇರುತ್ತವೆ. ಲ್ಯಾಪ್‌ಟಾಪ್ ಸುಮ್ನೆ ಮಡಚಿಟ್ಟರೆ ಬ್ರೌಸರ್ ಮುಚ್ಚಿದ ಹಾಗಲ್ಲ. ನಮ್ಮಲ್ಲಿ ಪಹಣಿಗೆ ಅಂತ ತೆರೆದ ಟ್ಯಾಬ್ ವಾರಗಟ್ಟಲೆ ತೆರೆದೇ ಇರುತ್ತದೆ, ಅಲ್ವಾ? ರೀಲಾಂಚ್ ಒತ್ತಿದರೆ ಟ್ಯಾಬ್‌ಗಳೆಲ್ಲ ವಾಪಸ್ ಬರುತ್ತವೆ, ಹೆದರಬೇಡಿ. ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ) ಟ್ಯಾಬ್ ಮಾತ್ರ ಬರುವುದಿಲ್ಲ, ಅರ್ಧ ತುಂಬಿದ ಅರ್ಜಿ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ವಿಂಡೋಸ್ 7, 8.1 ಇರುವ ಹಳೇ ಡಬ್ಬಾಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳಲ್ಲಿ ಕ್ರೋಮ್ 109ನೇ ವರ್ಷನ್‌ಗೇ ನಿಂತಿದೆ, 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಕನಿಷ್ಠ ವಿಂಡೋಸ್ 10 ಬೇಕೇ ಬೇಕು. ಆಂಡ್ರಾಯ್ಡ್ ಫೋನ್ ಆದರೆ ಪ್ಲೇ ಸ್ಟೋರ್‌ನಲ್ಲೇ ಅಪ್‌ಡೇಟ್ ಒತ್ತಿ.