ಓನರ್ ಹೆಸರು ಬದಲಾಯಿತೇ? ಬಾಡಿಗೆ ಕಾಗದ ಹೀಗೆ ಸರಿಮಾಡಿಕೊಳ್ಳಿ

ಮದುವೆ, ವಿಚ್ಛೇದನ, ಸಂಖ್ಯಾಶಾಸ್ತ್ರದವರು ಹೇಳಿದರೆಂದು ಸೇರಿಸಿಕೊಂಡ ಜಾಸ್ತಿ ಅಕ್ಷರ, ಇಲ್ಲವೇ ಪಾಸ್‌ಪೋರ್ಟ್‌ಗಾಗಿ ಬಿಡಿಸಿ ಬರೆದ ಇನಿಷಿಯಲ್. ಮನೆ ಓನರ್ ಹೆಸರು ಬದಲಾಗಲು ಕಾರಣಗಳು ಬೇಕಾದಷ್ಟಿವೆ. ಅಷ್ಟಕ್ಕೇ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. ನೀವು ಕೊಟ್ಟ ಅಡ್ವಾನ್ಸ್ ಹಿಂದಿರುಗಿಸುವ ಹೊಣೆಯೂ ಅವರದ್ದೇ. ತೊಡಕು ಬರುವುದು ಆಫೀಸಿಗೆ ಬಾಡಿಗೆ ರಸೀದಿ ಕೊಡುವಾಗ.

ಮೊದಲು ಕಾಗದ ಕೇಳಿ: ನೋಟರಿ ಮಾಡಿಸಿದ ಅಫಿಡವಿಟ್, ಪತ್ರಿಕೆಯಲ್ಲಿ ಬಂದ ಜಾಹೀರಾತು, ಗೆಜೆಟ್‌ನಲ್ಲಿ ಪ್ರಕಟವಾಗಿದ್ದರೆ ಆ ಪುಟ, ಇವುಗಳ ಜೆರಾಕ್ಸ್ ಸಾಕು. ಕೇಳಲು ಮುಜುಗರವಾದರೆ ‘ಆಫೀಸಿನಲ್ಲಿ ಕೇಳ್ತಿದ್ದಾರೆ ಆಂಟಿ’ ಎನ್ನಿ, ಅದು ಸುಳ್ಳೂ ಅಲ್ಲ.

ಆಮೇಲೆ ಪ್ಯಾನ್ ನೋಡಿ, ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಹೆಸರು ತಿದ್ದಿಸಿದರೂ ಪ್ಯಾನ್ ನಂಬರ್ ಹಳೆಯದೇ ಇರುತ್ತದೆ. ‘ಹೆಸರು ಬದಲಾಗಿದೆ’ ಎನ್ನುತ್ತಾ ಬೇರೆಯೇ ನಂಬರ್ ಕೊಟ್ಟರೆ ಅದು ಹೆಸರಿನ ಬದಲಾವಣೆಯಲ್ಲ, ಬೇರೆ ವ್ಯಕ್ತಿ. ಮನೆ ಮಾರಿದ್ದಾರೋ ಮಗನ ಹೆಸರಿಗೆ ಮಾಡಿದ್ದಾರೋ ವಿಚಾರಿಸಿ. ಆಗ ಹೊಸ ಮಾಲೀಕರ ಜೊತೆ ಅಡ್ವಾನ್ಸ್ ಮಾತು ಬರವಣಿಗೆಯಲ್ಲೇ ಆಗಬೇಕು.

ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿಗೆ ಓನರ್ ಪ್ಯಾನ್ ಕೊಡಬೇಕು, ಅಲ್ವಾ? ಹಾಗಾಗಿ ರಸೀದಿ ಬರೆಸಿಕೊಳ್ಳುವ ದಿನ ಪ್ಯಾನ್‌ನಲ್ಲಿ ಯಾವ ಹೆಸರಿದೆಯೋ ಅದನ್ನೇ ಬರೆಸಿ, ತಿದ್ದುಪಡಿ ಇನ್ನೂ ಆಗದಿದ್ದರೆ ಹೊಸ ಹೆಸರಿನ ಪಕ್ಕ ‘ಉರುಫ್’ ಎಂದು ಹಳೆಯದನ್ನೂ ಸೇರಿಸಿ. ಕಳೆದ ತಿಂಗಳುಗಳ ರಸೀದಿಗಳನ್ನು ಹೊಸ ಹೆಸರಲ್ಲಿ ಮತ್ತೆ ಬರೆಸಲು ಹೋಗಬೇಡಿ. ಅವು ಆ ದಿನಕ್ಕೆ ಸರಿಯೇ ಇದ್ದವು, ಸುಮ್ನೆ ಹಿಂದಿನ ತಾರೀಕು ಹಾಕಿ ಇಲ್ಲದ ಅನುಮಾನ ಹುಟ್ಟಿಸುವುದೇಕೆ? ನಗದಾಗಿ 5,000ಕ್ಕಿಂತ ಜಾಸ್ತಿ ಕೊಟ್ಟಿದ್ದರೆ 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಮರೆಯಬೇಡಿ. ಬಾಡಿಗೆ ತಿಂಗಳಿಗೆ 50,000 ಮೀರಿ ನೀವೇ ಟಿಡಿಎಸ್ (ಬಾಡಿಗೆಯಲ್ಲಿ ಮುರಿದುಕೊಂಡು ಕಟ್ಟುವ ತೆರಿಗೆ) ಕಟ್ಟುವವರಾದರೆ ಅಲ್ಲೂ ಅದೇ ಪ್ಯಾನ್.

ಕರಾರಿನ ವಿಷಯ. 11 ತಿಂಗಳ ಅಗ್ರಿಮೆಂಟ್ ಮುಗಿಯಲು ಒಂದೆರಡು ತಿಂಗಳಿದ್ದರೆ ಕಾಯಿರಿ, ಹೊಸದರಲ್ಲಿ ಹೊಸ ಹೆಸರು ಹಾಕಿಸಿದರಾಯಿತು. ಇನ್ನೂ ತುಂಬಾ ದಿನವಿದ್ದರೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಒಂದು ಪುಟದ ಪೂರಕ ಕರಾರು ಮಾಡಿಸಿ. ಹಳೆ ಹೆಸರು, ಹೊಸ ಹೆಸರು, ಹಳೆ ಕರಾರಿನ ತಾರೀಕು, ಅಡ್ವಾನ್ಸ್ ಮೊತ್ತ ಬರಲಿ, ‘ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲೂ ಇರಲಿ. ಇಬ್ಬರೂ ಸಹಿ ಮಾಡಿ, ಸಾಕ್ಷಿ ಹಾಕಿಸಿ. ಇದೇ ನೆಪದಲ್ಲಿ ಬಾಡಿಗೆ ಏರಿಸುವ ಓನರ್‌ಗಳೂ ಇರುತ್ತಾರೆ, ಓದಿಯೇ ಸಹಿ ಹಾಕಿ.

ಬ್ಯಾಂಕಿನಲ್ಲಿ ಹೆಸರು ತಿದ್ದಿಸಿದ ಮೇಲೆ ಯುಪಿಐನಲ್ಲಿ ಬೇರೆ ಹೆಸರು ಕಾಣಿಸಬಹುದು. ಮೊದಲ ಸಲ ಫೋನ್ ಮಾಡಿ ಕೇಳಿಕೊಂಡೇ ಕಳಿಸಿ. ಮನೆಯ ಆಸ್ತಿ ಖಾತಾ, ಕರೆಂಟ್ ಬಿಲ್ಲಿನ ಹೆಸರು ಬದಲಾಯಿಸುವುದು ಓನರ್ ಕೆಲಸ, ನಿಮ್ಮದಲ್ಲ.

ಹೊಸ ಕಾಗದ ಬಂತೆಂದು ಹಳೆ ಅಗ್ರಿಮೆಂಟ್ ಮಾತ್ರ ಹರಿಯಬೇಡಿ. ಅಡ್ವಾನ್ಸ್ ತೆಗೆದುಕೊಂಡಾಗಿನ ಅವರ ಸಹಿ ಇರುವುದು ಅದರಲ್ಲೇ.