ಬ್ಲೇಡ್ ಮೊಂಡಾದರೆ ಟ್ರ್ಯಾಕ್ಟರ್ ಏನು ಮಾಡೀತು?

ಸವರಿದ ಕೊಂಬೆಗಳನ್ನು ಮೊದಲೆಲ್ಲ ರಾಶಿ ಹಾಕಿ ಸುಡುತ್ತಿದ್ದೆ. ಮಣ್ಣಿಗೆ ಸೇರಬೇಕಾದದ್ದು ಹೊಗೆಯಾಗಿ ಹೋಗುವುದನ್ನು ನೋಡಿ ಸಂಕಟವಾಗುತ್ತಿತ್ತು. ಅದಕ್ಕೇ ಟ್ರ್ಯಾಕ್ಟರ್‌ನ ಪಿಟಿಒಗೆ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಜೋಡಿಸುವ ಚಿಪ್ಪರ್, ಅಂದರೆ ಕೊಂಬೆಗಳನ್ನು ಚಕ್ಕೆ ಮಾಡುವ ಯಂತ್ರ ತಂದೆ.

ಮೊದಲು ಪಿಟಿಒಗೂ ಚಿಪ್ಪರಿಗೂ ನಡುವಿನ ಶಾಫ್ಟ್ ಅಳತೆ ನೋಡಿದೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳೇ ಈ ಶಾಫ್ಟ್. ಉದ್ದ ಜಾಸ್ತಿಯಾದರೆ ಯಂತ್ರ ಎತ್ತಿ ಇಳಿಸುವಾಗ ಒಳಕೊಳವೆ ತುದಿಗೆ ತಾಗಿ ಬೇರಿಂಗನ್ನೇ ಒತ್ತುತ್ತದೆ. ಗಿಡ್ಡವಾದರೆ ಎರಡು ಕೊಳವೆಗಳ ಹಿಡಿತ ಸಾಲದು. ಚಿಪ್ಪರನ್ನು ಎತ್ತಿಯೂ ಇಳಿಸಿಯೂ ಅಳೆದು, ಎರಡೂ ಕೊಳವೆಗಳನ್ನು, ಅವುಗಳ ಕವರುಗಳನ್ನು ಒಂದೇ ಅಳತೆಗೆ ಕತ್ತರಿಸಿದೆ. ಅಂಚನ್ನು ಅರದಿಂದ ಉಜ್ಜಿ ಗ್ರೀಸ್ ಹಚ್ಚಿದೆ.

ಶುರುವಿನಲ್ಲಿ ಕೆಲಸ ಸಲೀಸಾಗಿತ್ತು. ಕೆಲವು ದಿನ ಕಳೆದ ಮೇಲೆ ಚಕ್ಕೆಯ ಬದಲು ನಾರು ನಾರು ಬರತೊಡಗಿತು. ಸಣ್ಣ ಕೊಂಬೆಗೂ ಎಂಜಿನ್ ಏದುಸಿರು ಬಿಡುತ್ತಿತ್ತು. ಒಂದೇ ದಿನ ಮೂರು ಸಲ ಶಿಯರ್ ಬೋಲ್ಟ್ (ಹೊರೆ ಹೆಚ್ಚಾದರೆ ಮುರಿಯುವ ಬೋಲ್ಟ್) ತುಂಡಾಯಿತು. ಟ್ರ್ಯಾಕ್ಟರ್‌ಗೆ ಶಕ್ತಿ ಸಾಲದು ಅಂದುಕೊಂಡೆ. ಸಿಟ್ಟಿನಲ್ಲಿ ಅದಕ್ಕಿಂತ ಗಟ್ಟಿ ಬೋಲ್ಟ್ ಹಾಕಿಬಿಟ್ಟೆ. ಅದು ದೊಡ್ಡ ತಪ್ಪು. ಮುಂದಿನ ಸಲ ಕೊಂಬೆ ಸಿಕ್ಕಿಕೊಂಡಾಗ ಬೋಲ್ಟ್ ಉಳಿಯಿತು, ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಮುರಿಯಿತು. ಬೇರೆ ಭಾಗ ಉಳಿಯಲಿ ಅಂತಲೇ ಅಲ್ವಾ ಆ ಬೋಲ್ಟ್ ತಾನು ಮುರಿಯುವುದು? ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನು ಬಿಟ್ಟು ಬೇರೆ ಹಾಕಲೇಬೇಡಿ.

ಟ್ರ್ಯಾಕ್ಟರ್ ಆಫ್ ಮಾಡಿ, ಕೀ ಜೇಬಿಗಿಟ್ಟು, ಶಾಫ್ಟ್ ಬಿಚ್ಚಿ ಚಿಪ್ಪರ್ ತೆರೆದೆ. ಬ್ಲೇಡಿನ ಬಾಯಿ ಪೂರ್ತಿ ದುಂಡಗಾಗಿತ್ತು. ಕಿತ್ತ ಗಿಡಗಳ ಬೇರನ್ನೂ ಮಣ್ಣಿನ ಸಮೇತ ಹಾಕಿದ್ದೆ. ಮರಳಿಗಿಂತ ಬ್ಲೇಡಿಗೆ ಬೇರೆ ಶತ್ರು ಬೇಕಿಲ್ಲ. ಬಿಚ್ಚಿ ಸಾಣೆ ಹಿಡಿದೆ, ಸ್ವಲ್ಪ ಸ್ವಲ್ಪವೇ, ನೀರಿಗೆ ಅದ್ದುತ್ತಾ. ಬಿಸಿಯಾಗಿ ನೀಲಿ ತಿರುಗಿದರೆ ಉಕ್ಕಿನ ಗಡಸುತನವೇ ಹೋಗುತ್ತದೆ. ಎಲ್ಲ ಬ್ಲೇಡನ್ನೂ ಸಮನಾಗಿ ಸವೆಸಬೇಕು, ಇಲ್ಲದಿದ್ದರೆ ಬ್ಲೇಡುಗಳನ್ನು ಹೊತ್ತು ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್ ಅದುರುತ್ತದೆ. ಸವೆದ ಬ್ಲೇಡಿಗೂ ಎದುರಿನ ಸ್ಥಿರ ಬ್ಲೇಡಿಗೂ ನಡುವೆ ಗ್ಯಾಪ್ ಹೆಚ್ಚಾಗಿರುತ್ತದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು, ಕೈಪಿಡಿಯ ಅಳತೆಗೆ ತಂದು, ಫ್ಲೈವೀಲನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಬ್ಲೇಡ್ ನೋಡಿದೆ.

ಮತ್ತೆ ಓಡಿಸಿದಾಗ ಅದೇ ಟ್ರ್ಯಾಕ್ಟರ್, ಅದೇ ಮರ. ಚಕ್ಕೆ ಮಾತ್ರ ಚೊಕ್ಕವಾಗಿ ಬಿತ್ತು! ನನಗಾದ ಖುಷಿ ಅಷ್ಟಿಷ್ಟಲ್ಲ.

ಎಂಜಿನ್ ನಿಧಾನ ಇರುವಾಗಲೇ ಪಿಟಿಒ ಹಾಕಿ, ಆಮೇಲೆ ಪಿಟಿಒ ವೇಗವನ್ನು 540 ಆರ್‌ಪಿಎಂಗೆ (ನಿಮಿಷಕ್ಕೆ 540 ಸುತ್ತು) ಏರಿಸುತ್ತೇನೆ. ಕೊಂಬೆಯ ಬುಡವನ್ನು ಮೊದಲು ಕೊಟ್ಟು, ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಕೊನೆಯ ತುಂಡನ್ನು ಇನ್ನೊಂದು ಕೊಂಬೆಯಿಂದಲೇ ತಳ್ಳುವುದು, ಕೈ ಒಳಗೆ ಹೋಗುವ ಮಾತೇ ಇಲ್ಲ. ಪಿಟಿಒ ಆಫ್ ಮಾಡಿದರೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಸುಮ್ನೆ ಕಾಯುತ್ತೇನೆ. ಹಸಿ ಕೊಂಬೆ ಸುಲಭ, ಒಣಗಿ ಗಟ್ಟಿಯಾದದ್ದು ಬ್ಲೇಡನ್ನು ಬೇಗ ತಿನ್ನುತ್ತದೆ. ಹಾಗಾಗಿ ಸವರಿದ ಕೆಲವೇ ದಿನಗಳಲ್ಲಿ ಚಿಪ್ಪರಿಗೆ ಹಾಕಿಬಿಡುತ್ತೇನೆ.

ಚಕ್ಕೆಯನ್ನು ಗಿಡಗಳ ಸುತ್ತ ಹೊದಿಸುತ್ತೇನೆ, ಕಾಂಡಕ್ಕೆ ತಾಗದ ಹಾಗೆ. ಮಣ್ಣಿನೊಳಗೆ ಕಲೆಸುವುದಿಲ್ಲ. ಕಲೆಸಿದರೆ ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕ ಎಳೆದುಕೊಳ್ಳುತ್ತವೆ.

ಮಣ್ಣು ಹತ್ತಿದ ಬೇರುಗಳಿಗೆ ಈಗ ಬೇರೆಯೇ ರಾಶಿ. ಅವು ಅಲ್ಲೇ ನಿಧಾನಕ್ಕೆ ಕೊಳೆಯುತ್ತಿವೆ.