ಶನಿವಾರ ರಾತ್ರಿ ಎಂಟರೊಳಗೆ: ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ ಒಂದಿಷ್ಟು ಅಡುಗೆಮನೆ ಮಾತು

ಮೊದಲು ಇದೊಂದು ತಲೆಯಲ್ಲಿರಲಿ, ಇಲ್ಲಿ ಭಾನುವಾರ ಅಂಗಡಿ ತೆಗೆಯುವುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಹಾಲು ಮುಗಿದರೂ ಚಪ್ಪಲಿ ಮೆಟ್ಟಿಕೊಂಡು ಹೋಗಿ ತರುವ ಅಭ್ಯಾಸ ನಮಗೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ರಾತ್ರಿ 8ಕ್ಕೆ ಬಾಗಿಲು ಬಿತ್ತು ಅಂದರೆ ಬಿತ್ತು, ಶನಿವಾರವಾದರೆ ಮತ್ತೆ ತೆಗೆಯುವುದು ಸೋಮವಾರ ಬೆಳಿಗ್ಗೆ. ನಾನು ಬಂದ ವರ್ಷ ಈಸ್ಟರ್‌ನಲ್ಲಿ ಸಿಕ್ಕಿಹಾಕಿಕೊಂಡೆ. ಶುಕ್ರವಾರ ರಜೆ, ಶನಿವಾರ ಒಂದು ದಿನ ಅಂಗಡಿ ತೆರೆದಿತ್ತು, ಅವತ್ತು ನಾನು ಹಾಯಾಗಿ ಮಲಗಿದ್ದೆ, ಆಮೇಲೆ ಭಾನುವಾರ, ಸೋಮವಾರ ಮತ್ತೆ ರಜೆ. ಎರಡು ದಿನ ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ ಮತ್ತು ಚಟ್ನಿಪುಡಿಯೇ ಗತಿ. ಮುಖ್ಯ ರೈಲು ನಿಲ್ದಾಣದಲ್ಲಿ ರಜೆ ದಿನವೂ ಅಂಗಡಿ ಇರುತ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ. ನೀವು ತಿಳಿದುಕೊಂಡಿರಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ, ಅಲ್ಲಿನ ಕ್ಯೂ ನೋಡಿದರೆ ಹಸಿವೇ ಹೋಗುತ್ತದೆ.

ಹಾಗಾಗಿ ಸಾಮಾನಿಗೆ ಶನಿವಾರವೇ ಸರಿ. ನಾನು ಮೊದಲು ಹೋಗುವುದು ಟರ್ಕಿಯವರ ಅಂಗಡಿಗೆ. ನಿಲ್ದಾಣದ ಪಕ್ಕದಲ್ಲೇ ಗಯಟೆ ಸ್ಟ್ರಾಸೆ, ಲಾಂಡ್‌ವೇರ್ ಸ್ಟ್ರಾಸೆ ಅಂತ ರಸ್ತೆಗಳಿವೆ, ಟರ್ಕಿಯವರ, ಅರಬರ ಅಂಗಡಿಗಳು ಅಲ್ಲಿ ಸಾಲಾಗಿವೆ. ಸೂಪರ್‌ಮಾರ್ಕೆಟ್‌ನಲ್ಲಿ ಪುಟ್ಟ ಕುಂಡದಲ್ಲಿ ನಾಲ್ಕು ಎಸಳು ಇಟ್ಟು ಮಾರುವ ಕೊತ್ತಂಬರಿ ಇಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಒಂದೇ ಎಚ್ಚರ, ಪಕ್ಕದಲ್ಲೇ ಪಾರ್ಸ್ಲಿ ಇರುತ್ತದೆ, ನೋಡಲು ಥೇಟ್ ಕೊತ್ತಂಬರಿ. ಒಂದು ಎಲೆ ಬೆರಳಲ್ಲಿ ಉಜ್ಜಿ ಮೂಸಿ ನೋಡಿ ತಗೊಳ್ಳಿ. ನನ್ನ ಮೊದಲ ತಿಳಿಸಾರಿಗೆ ಬಿದ್ದದ್ದು ಪಾರ್ಸ್ಲಿ. ಕುಡಿದೆವು, ಏನು ಮಾಡುವುದು.

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಎಲ್ಲವನ್ನೂ ಇಂಡಿಯನ್ ಅಂಗಡಿಯಲ್ಲೇ ಹುಡುಕುವುದು. ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿ, ಹುಣಸೆಹಣ್ಣು, ಕರಿಬೇವು, ಇಷ್ಟಕ್ಕೆ ತಿಂಗಳಿಗೊಮ್ಮೆ ಹೋದರೆ ಸಾಕು. ಕರಿಬೇವು ಜಾಸ್ತಿ ತಂದು ಫ್ರೀಜರ್‌ಗೆ ಹಾಕಿಬಿಡಿ. ಉಳಿದದ್ದು ನಿಮ್ಮ ಬೀದಿಯ ಅಂಗಡಿಯಲ್ಲೇ ಇದೆ, ಹೆಸರು ಮಾತ್ರ ಬೇರೆ. ಕೋಲ್‌ರಾಬಿ ಅಂತ ಬರೆದಿರುವುದು ನಮ್ಮ ನವಿಲುಕೋಸು! ಇಲ್ಲಿಯವರು ಹಸಿಯಾಗಿ ಹೆಚ್ಚಿಕೊಂಡು ತಿನ್ನುತ್ತಾರೆ, ನೀವು ಹುಳಿ ಮಾಡಿ. ಅದರ ಎಳೆ ಸೊಪ್ಪನ್ನು ಜನ ಕಿತ್ತು ಅಲ್ಲೇ ಡಬ್ಬಕ್ಕೆ ಎಸೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ, ಬೇಳೆ ಜೊತೆ ಬೇಯಿಸಿದರೆ ಎಂಥ ಪಲ್ಯ ಆಗುತ್ತೆ ಅಲ್ವಾ. ಡಿಲ್ ಅಂದರೆ ಸಬ್ಬಸಿಗೆ, ಇವರು ಮೀನಿಗೆ ಹಾಕುತ್ತಾರೆ. ರೆಟ್ಟಿಖ್ ಅಂದರೆ ಮೂಲಂಗಿ. ಮಾಂಗೋಲ್ಡ್ ಅಂತ ದಪ್ಪ ದಂಟಿನ ಸೊಪ್ಪು ಇದೆ, ಬಸ್ಸಾರಿಗೆ ಹೇಳಿ ಮಾಡಿಸಿದ ಹಾಗಿದೆ. ರೋಟೆ ಲಿನ್ಸೆನ್ ಅಂದರೆ ಮಸೂರ್ ಬೇಳೆ, ಕುಕ್ಕರ್ ಬೇಡ, ಕಾಲು ಗಂಟೆಯಲ್ಲಿ ಬೇಯುತ್ತದೆ. ಆಫೀಸಿನಿಂದ ತಡವಾಗಿ ಬಂದ ದಿನ ಅದೇ ತೊವ್ವೆ.

ರವೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗ್ರೀಸ್ ಅಂತ ಪ್ಯಾಕೆಟ್ ಸಿಗುತ್ತದೆ, ಅದರಲ್ಲಿ ಎರಡು ಜಾತಿ. ವೈಖ್‌ವೈತ್ಸೆನ್ ಅಂದರೆ ಮೆತ್ತಗಿನ ಗೋಧಿಯದು, ಉಪ್ಪಿಟ್ಟು ಮಾಡಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ಹಾರ್ಟ್‌ವೈತ್ಸೆನ್ ಅಂತ ಬರೆದದ್ದು ತಗೊಳ್ಳಿ, ಚೆನ್ನಾಗಿ ಹುರಿದರೆ ಉದುರುದುರಾಗಿ ಬರುತ್ತದೆ. ಅಕ್ಕಿಯಲ್ಲೂ ಇದೇ ಗೋಳು. ಮಿಲ್ಖ್‌ರೈಸ್ ಅಗ್ಗ ಅಂತ ತಂದು ಚಿತ್ರಾನ್ನ ಮಾಡಬೇಡಿ, ಅದು ಹಾಲಲ್ಲಿ ಬೇಯಿಸುವ ಪಾಯಸದ ಅಕ್ಕಿ, ಗೋಂದಿನ ಹಾಗೆ ಹಿಡಿಯುತ್ತದೆ. ಮೊಸರನ್ನಕ್ಕಾದರೆ ಮಾತ್ರ ನನಗೆ ಅದೇ ಇಷ್ಟ, ಮನೆಯಲ್ಲಿ ಒಪ್ಪುವವರು ಕಡಿಮೆ.

ತೂಕದ ಬಗ್ಗೆ ಒಂದು ಮಾತು. ಕೆಲವು ಅಂಗಡಿಯಲ್ಲಿ ತರಕಾರಿಯನ್ನು ಕ್ಯಾಷ್ ಕೌಂಟರ್‌ನಲ್ಲೇ ತೂಗುತ್ತಾರೆ, ಕೆಲವು ಕಡೆ ನಾವೇ ತಕ್ಕಡಿ ಮೇಲಿಟ್ಟು ನಂಬರ್ ಒತ್ತಿ ಚೀಟಿ ಅಂಟಿಸಿಕೊಂಡು ಬರಬೇಕು. ನಾನು ಚೀಟಿ ಇಲ್ಲದೆ ಹೋಗಿ, ಹಿಂದೆ ಎಂಟು ಜನ ನಿಂತಿರುವಾಗ, ಆಲೂಗಡ್ಡೆ ಹಿಡಿದುಕೊಂಡು ವಾಪಸ್ ಓಡಿದ್ದೇನೆ. ಕೌಂಟರ್‌ನವರ ಕೈಯಂತೂ ಮಿಂಚು, ನೀವು ಚೀಲ ಬಿಡಿಸುವಷ್ಟರಲ್ಲಿ ಟೊಮೆಟೊ ಮೇಲೆ ಹಾಲಿನ ಡಬ್ಬ ಬಂದು ಕೂತಿರುತ್ತದೆ. ಗಾಬರಿಯಾಗಬೇಡಿ, ಎಲ್ಲ ಬಾಚಿ ಗಾಡಿಗೆ ಹಾಕಿಕೊಂಡು ಪಕ್ಕಕ್ಕೆ ಹೋಗಿ ನಿಧಾನವಾಗಿ ಜೋಡಿಸಿಕೊಳ್ಳಿ. ಚೀಲ ಮನೆಯಿಂದಲೇ ಒಯ್ಯಿರಿ. ಪ್ಲಾಸ್ಟಿಕ್ ನೀರಿನ ಬಾಟಲಿ, ಕ್ಯಾನು ತಗೊಂಡರೆ 25 ಸೆಂಟ್ ಜಾಸ್ತಿ ಹಿಡಿಯುತ್ತಾರೆ, ಅದು ಡಿಪಾಸಿಟ್, ಖಾಲಿ ಬಾಟಲಿಯನ್ನು ಅಂಗಡಿಯ ಮಿಷನ್‌ಗೆ ಹಾಕಿದರೆ ವಾಪಸ್ ಬರುತ್ತದೆ. ಜಜ್ಜಿ ಹಾಕಬೇಡಿ, ಅದು ತಗೊಳ್ಳುವುದಿಲ್ಲ.

ನಿಜ ಹೇಳಬೇಕೆಂದರೆ ನೀರು ಕೊಳ್ಳುವುದೇ ಬೇಡ. ಈ ಊರಿನ ನಲ್ಲಿ ನೀರು ಮುಖ್ಯವಾಗಿ ಮಾಂಗ್‌ಫಾಲ್ ಕಣಿವೆಯಿಂದ ಬರುತ್ತದೆ, ಸೊಗಸಾಗಿದೆ, ಹಾಗೇ ಕುಡಿಯಬಹುದು. ಆದರೆ ಗಡಸು ನೀರು. ಕೆಟಲ್‌ನಲ್ಲಿ ಬಿಳಿ ಕಿಟ್ಟ ಕಟ್ಟುವುದು ಅದಕ್ಕೇ, ಬೇಳೆ ಬೇಗ ಬೇಯದಿರುವುದೂ ಅದಕ್ಕೇ. ಅರ್ಧ ಗಂಟೆ ನೆನೆಹಾಕಿ, ಇನ್ನೊಂದು ವಿಷಲ್ ಜಾಸ್ತಿ ಕೂಗಿಸಿ. ಅಂದಹಾಗೆ ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆ ಮೇಲೆ ಬಿಸಿಯೇ ಆಗುವುದಿಲ್ಲ, ಹೊರಡುವ ಮೊದಲೇ ತಳ ನೋಡಿ. ಮಿಕ್ಸಿ ಮಾತ್ರ ಧೈರ್ಯವಾಗಿ ತನ್ನಿ, ಇಲ್ಲೂ 230 ವೋಲ್ಟ್, ಪ್ಲಗ್‌ಗೆ ಒಂದು ಅಡಾಪ್ಟರ್ ಸಾಕು.

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ತುಪ್ಪ ಕಾಯಿಸುವ ಕೆಲಸ. 250 ಗ್ರಾಂ ಬೆಣ್ಣೆಗೆ ಹೆಚ್ಚುಕಡಿಮೆ 200 ಗ್ರಾಂ ತುಪ್ಪ ಬರುತ್ತದೆ. ಬೆಣ್ಣೆ ತರುವಾಗ ಝಾವರ್‌ರಾಮ್ ಅಂತ ಬರೆದದ್ದನ್ನು ಹುಡುಕಿ, ಹುಳಿಬರಿಸಿದ ಕೆನೆಯಿಂದ ತೆಗೆದ ಬೆಣ್ಣೆ ಅದು, ಕಾಯಿಸುವಾಗ ಅಜ್ಜಿ ಮನೆ ಘಮವೇ ಬರುತ್ತದೆ. ಮೊಸರಿಗೆ 3.5 ಪರ್ಸೆಂಟ್ ಕೊಬ್ಬಿನ ಹಾಲು, ಅಂಗಡಿಯ ಸಾದಾ ಮೊಸರಿನ ಒಂದು ಚಮಚ ಹೆಪ್ಪು. ಚಳಿಗಾಲದಲ್ಲಿ ಪಾತ್ರೆಯನ್ನು ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ ಬಿಡಿ, ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಇಡ್ಲಿ ಹಿಟ್ಟಿಗೂ ಇದೇ ಉಪಾಯ, ಪಾತ್ರೆ ದೊಡ್ಡದಿರಲಿ. ಉಕ್ಕಿದ ಹಿಟ್ಟನ್ನು ಓವನ್ ತಳದಿಂದ ಕೆರೆಯುವ ಕಷ್ಟ ನನಗೆ ಗೊತ್ತು. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ, ಒಣಮೆಣಸಿನಕಾಯಿ ಹೊಗೆ ಹಾಲ್‌ಗೆ ಹೋದರೆ ಅಲಾರಂ ಕಿರುಚುತ್ತದೆ.

ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ಮೊದಲೇ ಹೇಳಿಬಿಡಿ, ತುಪ್ಪ, ಖೋವಾದ ಸಿಹಿ, ಹಾಲಿನ ಯಾವ ಪದಾರ್ಥವನ್ನೂ ಸೂಟ್‌ಕೇಸ್‌ನಲ್ಲಿ ತರುವಂತಿಲ್ಲ, ಮಾಂಸವೂ ಇಲ್ಲ, ಹಸಿ ಸೊಪ್ಪು ತರಕಾರಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಸಾರಿನ ಪುಡಿ, ರಾಗಿಹಿಟ್ಟು, ಸಂಡಿಗೆ ತರಲಿ. ಪುಡಿಗೆ ಎರಡು ಕವರ್ ಹಾಕಿಸಿ. ನಮ್ಮ ಅತ್ತೆ ತಂದಿದ್ದು ದಾರಿಯಲ್ಲಿ ಒಡೆದು, ನಾನು ಮೂರು ವಾರ ಆಫೀಸಿಗೆ ಸಾರಿನ ಘಮದ ಸ್ವೆಟರ್ ಹಾಕಿಕೊಂಡು ಹೋಗಿದ್ದೆ.